ಕುಲಾಂತರಿ ಬೆಳೆ: ತಟ್ಟೆಗಿಂತ ಹೊಲದ ಕಡೆ ನೋಡಿ

ಕುಲಾಂತರಿ ಬೆಳೆಗಳಿಂದ ಏನು ಅಪಾಯ, ನಿಮ್ಮ ಅನುಮಾನ ಬರೆದು ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಬಂದೇ ಬಂದವು. ಅರ್ಧಕ್ಕರ್ಧ ಪತ್ರಗಳಲ್ಲಿ ಇರುವುದು ಒಂದೇ ಮಾತು: 'ಇದು ವಿಷ ಹೌದೋ ಅಲ್ವೋ, ಸುತ್ತಿ ಬಳಸದೆ ಹೇಳಿ.' ಸ್ವಲ್ಪ ಸುತ್ತಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ. ನೀವು ಕುಲಾಂತರಿ ಪರವೋ, ವಿರೋಧವೋ?

ಉತ್ತರ: ಯಾವ ಬೆಳೆ, ಅದಕ್ಕೆ ಯಾವ ಜೀನ್ (ಗುಣ ತರುವ ವಂಶವಾಹಿ) ಸೇರಿಸಿದ್ದಾರೆ, ಅದನ್ನು ಹೇಗೆ ಬೆಳೆಯುತ್ತಾರೆ, ಇಷ್ಟು ಹೇಳಿ. ಆಮೇಲೆ ನನ್ನ ಪಕ್ಷ ಹೇಳುತ್ತೇನೆ. ಜಾರಿಕೊಳ್ಳುತ್ತಿಲ್ಲ. ಕುಲಾಂತರಿ ಎನ್ನುವುದು ಹೊರಗಿನ ಜೀನ್ ಸೇರಿಸಿ ತಳಿ ಮಾಡುವ ಒಂದು ವಿಧಾನದ ಹೆಸರು, ಅಷ್ಟೇ. ಹವಾಯಿಯಲ್ಲಿ ಪಪ್ಪಾಯಿ ತೋಟಗಳು ರಿಂಗ್‌ಸ್ಪಾಟ್ ವೈರಸ್ಸಿಗೆ ಸಿಕ್ಕಿ ಹಾಳಾಗುತ್ತಿದ್ದಾಗ ಅದೇ ವೈರಸ್ಸಿನ ಒಂದು ತುಣುಕನ್ನು ಗಿಡಕ್ಕೆ ಸೇರಿಸಿ ಹೊಸ ತಳಿ ಮಾಡಿದರು. 1998ರಲ್ಲಿ ಅದು ರೈತರ ಕೈಗೆ ಬಂತು, ತೋಟ ಉಳಿಯಿತು. ಅದರಲ್ಲಿ ಹುಳ ಕೊಲ್ಲುವ ಮಾತಿಲ್ಲ, ಕಳೆನಾಶಕದ ಮಾತೂ ಇಲ್ಲ. ಕಳೆನಾಶಕ ಸುರಿದರೂ ಸಾಯದ ಸೋಯಾ ಇನ್ನೊಂದು. ಎರಡಕ್ಕೂ ಹೆಸರು ಒಂದೇ, ಅಪಾಯದ ಲೆಕ್ಕ ಮಾತ್ರ ಪೂರ್ತಿ ಬೇರೆ. ನನಗೆ ಅನಿಸಿದ್ದು ಇಷ್ಟು: ಜನ ಹೆದರುತ್ತಿರುವುದು ತಟ್ಟೆಗೆ, ಈವರೆಗೆ ಎಡವಟ್ಟಾಗಿರುವುದೆಲ್ಲ ಹೆಚ್ಚುಕಮ್ಮಿ ಹೊಲದಲ್ಲಿ.

ಪ್ರಶ್ನೆ: ಈ ಬೆಳೆ ತಿಂದರೆ ಅದರ ಜೀನ್ ನಮ್ಮ ಮೈಗೆ ಸೇರಿಕೊಳ್ಳುತ್ತದಂತೆ, ಹೌದಾ?

ಉತ್ತರ: ಇಲ್ಲ. ಸೊಪ್ಪು, ಕಾಳು, ಹಣ್ಣು ಎಲ್ಲದರಲ್ಲೂ ಜೀನ್ ಇದ್ದೇ ಇರುತ್ತದೆ. ಹುಟ್ಟಿದಾಗಿನಿಂದ ತಿನ್ನುತ್ತಿದ್ದೇವೆ, ಯಾರಿಗೂ ಮೈಮೇಲೆ ಎಲೆ ಚಿಗುರಿಲ್ಲ. ಹೊಟ್ಟೆ ಹೆಚ್ಚುಕಮ್ಮಿ ಎಲ್ಲವನ್ನೂ ಒಡೆದು ಹಾಕುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಆ ಜೀನ್ ಗಿಡದಲ್ಲಿ ಕೂತು ಏನನ್ನು ತಯಾರಿಸುತ್ತಿದೆ?

ಪ್ರಶ್ನೆ: ಬಿಟಿ ಗಿಡ ತಿಂದರೆ ಹುಳು ಸಾಯುತ್ತದೆ. ಹುಳುವನ್ನು ಕೊಲ್ಲುವುದು ಮನುಷ್ಯನಿಗೆ ಏನೂ ಮಾಡಲ್ವಾ? ಇಲಿಗಳಿಗೆ ದೊಡ್ಡ ದೊಡ್ಡ ಗಡ್ಡೆ ಬಂದ ಫೋಟೋ ನಾನೇ ನೋಡಿದ್ದೇನೆ.

ಉತ್ತರ: ಮೊದಲು ಬಿಟಿ. ಅದು ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನಲ್ಲಿ ರೇಷ್ಮೆಹುಳುಗಳು ಇದ್ದಕ್ಕಿದ್ದಂತೆ ಸಾಯುತ್ತಿದ್ದಾಗ ಅದನ್ನು ಮೊದಲು ಗುರುತಿಸಿದರು. ಆ ಬ್ಯಾಕ್ಟೀರಿಯಾ ಮಾಡುವ ಪ್ರೋಟೀನಿನ ಜೀನನ್ನೇ ಹತ್ತಿಗೆ, ಮೆಕ್ಕೆಜೋಳಕ್ಕೆ ಸೇರಿಸಿರುವುದು. ಈ ಪ್ರೋಟೀನ್ ಹುಳುವಿನ ಕರುಳಿನ ಗೋಡೆಗೆ ಅಂಟಿಕೊಂಡು ಅಲ್ಲಿ ತೂತು ಮಾಡುತ್ತದೆ. ಅದಕ್ಕೆ ಎರಡು ಅನುಕೂಲ ಬೇಕು. ಒಂದು, ಕರುಳಿನಲ್ಲಿ ಕ್ಷಾರ ಇರಬೇಕು. ಎರಡು, ಅಂಟಿಕೊಳ್ಳಲು ಸರಿಯಾದ ಕೊಂಡಿ ಇರಬೇಕು. ನಮ್ಮ ಜಠರದಲ್ಲಿರುವುದು ಆಮ್ಲ, ನಮ್ಮ ಕರುಳಲ್ಲಿ ಆ ಕೊಂಡಿಯೂ ಇಲ್ಲ. ಬೀಗಕ್ಕೆ ಸೇರದ ಕೀಲಿ ಇದ್ದ ಹಾಗೆ.

ಇನ್ನು ಆ ಇಲಿಗಳು. ಅದು 2012ರಲ್ಲಿ ಫ್ರಾನ್ಸಿನ ಸೆರಾಲಿನಿ ಎಂಬ ವಿಜ್ಞಾನಿಯ ತಂಡ ಮಾಡಿದ ಪ್ರಯೋಗ. 200 ಇಲಿಗಳನ್ನು ಹತ್ತತ್ತರ ಗುಂಪು ಮಾಡಿ ಎರಡು ವರ್ಷ ಕುಲಾಂತರಿ ಮೆಕ್ಕೆಜೋಳ, ಕಳೆನಾಶಕ ಎಲ್ಲ ಕೊಟ್ಟು ನೋಡಿದರು. ಎಡವಿದ್ದು ಎಲ್ಲಿ ಅಂದರೆ, ಅವರು ಆರಿಸಿಕೊಂಡ ಇಲಿ ಜಾತಿಗೆ ವಯಸ್ಸಾದಂತೆ ಏನು ತಿಂದರೂ ಗಡ್ಡೆ ಬರುವುದು ಮಾಮೂಲು. ಗುಂಪಿಗೆ ಹತ್ತು ಇಲಿ ಇಟ್ಟುಕೊಂಡರೆ ಯಾವುದು ಆಹಾರದಿಂದ ಬಂತು, ಯಾವುದು ತಾನಾಗಿ ಬಂತು ಎಂದು ಹೇಳಲು ಬರುವುದಿಲ್ಲ. 2013ರಲ್ಲಿ ಪತ್ರಿಕೆ ಆ ಲೇಖನವನ್ನು ವಾಪಸ್ ಪಡೆಯಿತು, ಮರುವರ್ಷ ಅದು ಬೇರೆ ಪತ್ರಿಕೆಯಲ್ಲಿ ಮತ್ತೆ ಬಂತು. ಫೋಟೋ ಮಾತ್ರ ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇದೆ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ಸುಮಾರು 900 ಅಧ್ಯಯನ, ಬರಹಗಳನ್ನು ಜಾಲಾಡಿದವು. ಈಗ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರ ಮಾಮೂಲಿ ಆಹಾರಕ್ಕಿಂತ ಜಾಸ್ತಿ ಅಪಾಯ ಎನ್ನಲು ಗಟ್ಟಿ ಆಧಾರ ಸಿಗಲಿಲ್ಲ ಎಂದು ಹೇಳಿದವು. ನಾನು ಇದನ್ನು ಒಪ್ಪುತ್ತೇನೆ. ಆದರೆ ಒಂದು ತಕರಾರು ನನಗೂ ಇದೆ. ಒಪ್ಪಿಗೆಗೆ ಮುಂಚಿನ ಸುರಕ್ಷತೆಯ ಪರೀಕ್ಷೆಗಳನ್ನು ಬಹುಪಾಲು ಬೀಜ ಮಾರುವ ಕಂಪನಿಯೇ ಮಾಡಿಸುತ್ತದೆ, ಇಲಿಗಳ ಮೇಲಿನ ಪರೀಕ್ಷೆ ಸಾಮಾನ್ಯವಾಗಿ 90 ದಿನಕ್ಕೆ ಮುಗಿಯುತ್ತದೆ. ಪರೀಕ್ಷೆ ಬರೆಯುವವನೇ ಉತ್ತರಪತ್ರಿಕೆಯನ್ನೂ ತಂದುಕೊಟ್ಟರೆ ಅಂಕ ಸರಿಯಿದ್ದರೂ ಅನುಮಾನ ಬರುತ್ತದೆ, ಅಲ್ವಾ?

ಪ್ರಶ್ನೆ: ನನ್ನ ಮಗಳಿಗೆ ಶೇಂಗಾ ಅಲರ್ಜಿ. ಒಂದು ಗಿಡದ ಜೀನ್ ಇನ್ನೊಂದಕ್ಕೆ ಹಾಕಿದರೆ ಅಲರ್ಜಿಯೂ ಜೊತೆಗೆ ಹೋಗುತ್ತದಾ?

ಉತ್ತರ: ಹೋಗಬಹುದು. ಹೋಗಿದ್ದೂ ಉಂಟು. ಹಾಗಾಗಿ ನಿಮ್ಮ ಭಯವನ್ನು ನಾನು ಅತಿ ಎನ್ನುವುದಿಲ್ಲ. ದನಕೋಳಿಗಳ ಮೇವಿಗೆಂದು ಸೋಯಾದ ಪ್ರೋಟೀನ್ ಗುಣ ಹೆಚ್ಚಿಸಲು ಒಂದು ಕಂಪನಿ ಬ್ರೆಜಿಲ್ ನಟ್ ಎಂಬ ಕಾಯಿಯ ಜೀನನ್ನು ಅದಕ್ಕೆ ಸೇರಿಸಿತ್ತು. ಆ ಕಾಯಿ ಕೆಲವರಿಗೆ ಆಗುವುದಿಲ್ಲ. ಅಂಥವರ ರಕ್ತದ ಸೀರಮ್ ತೆಗೆದುಕೊಂಡು ಪರೀಕ್ಷಿಸಿದಾಗ ಒಂಬತ್ತು ಜನರಲ್ಲಿ ಎಂಟು ಜನರ ಸೀರಮ್ ಆ ಸೋಯಾದ ಪ್ರೋಟೀನನ್ನು ಹಿಡಿದುಕೊಂಡಿತು. ಅಂದರೆ ಅಲರ್ಜಿ ಮಾಡುವ ಪ್ರೋಟೀನೇ ಜೊತೆಗೆ ಬಂದುಬಿಟ್ಟಿತ್ತು. 1996ರಲ್ಲಿ ಈ ಫಲಿತಾಂಶ ಪ್ರಕಟವಾಯಿತು, ಆ ಸೋಯಾ ಮಾರುಕಟ್ಟೆ ಮುಟ್ಟಲಿಲ್ಲ. ಪರೀಕ್ಷೆ ಕೆಲಸ ಮಾಡಿತು ಎಂದು ಒಬ್ಬರು ಹೇಳುತ್ತಾರೆ, ಅಪಾಯ ಇದೆ ಎಂದು ಇದರಿಂದಲೇ ಗೊತ್ತಾಯಿತು ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರದ್ದೂ ಸರಿ.

ಸ್ಟಾರ್‌ಲಿಂಕ್ ಮೆಕ್ಕೆಜೋಳದ ಕಥೆ ಇದಕ್ಕಿಂತ ನನಗೆ ಕಸಿವಿಸಿ ಮಾಡುತ್ತದೆ. ಅದರಲ್ಲಿದ್ದ ಬಿಟಿ ಪ್ರೋಟೀನ್ ಬೇಗ ಜೀರ್ಣವಾಗುವಂಥದ್ದಲ್ಲ, ಅಲರ್ಜಿ ತರಬಹುದೇನೋ ಎಂಬ ಅನುಮಾನ ಇತ್ತು. ಅದಕ್ಕೇ 1998ರಲ್ಲಿ ಅಮೆರಿಕ 'ದನಕ್ಕೆ ಮಾತ್ರ, ಜನಕ್ಕೆ ಬೇಡ' ಎಂದು ಒಪ್ಪಿಗೆ ಕೊಟ್ಟಿತು. ಒಂದೇ ಗೋದಾಮು, ಒಂದೇ ಲಾರಿ, ಒಂದೇ ಗಿರಣಿ ಇರುವಾಗ ದನದ ಜೋಳ, ಜನದ ಜೋಳ ಬೇರೆಬೇರೆ ಉಳಿಯುತ್ತವೆ ಎಂದು ಯಾರು ನಂಬಿದರೋ! 2000ದಲ್ಲಿ ಅದು ಅಂಗಡಿಯಲ್ಲಿ ಮಾರುವ ತಿನಿಸಿನಲ್ಲಿ ಸಿಕ್ಕಿತು, ರಾಶಿ ರಾಶಿ ಸರಕು ವಾಪಸಾಯಿತು. ಅಲರ್ಜಿ ಆಯಿತು ಎಂದವರ ರಕ್ತ ಪರೀಕ್ಷಿಸಿದಾಗ ಆ ಪ್ರೋಟೀನೇ ಕಾರಣ ಎನ್ನಲು ಪುರಾವೆ ಸಿಗಲಿಲ್ಲ. ಈ ಸಲ ಬಚಾವಾದರು ಅನ್ನಿ. ಲ್ಯಾಬಿನಲ್ಲಿ ಎಲ್ಲ ಸರಿಯಿತ್ತು, ತಪ್ಪಿದ್ದು ಚೀಲ ಹೊಲಿಯುವ ಜಾಗದಲ್ಲಿ.

ಅಂದಹಾಗೆ, ಹಳೆಯ ವಿಧಾನದಲ್ಲಿ ಏನೂ ಅಪಾಯವಿಲ್ಲ ಎಂದುಕೊಳ್ಳಬೇಡಿ. ಕಾಡು ಆಲೂಗಡ್ಡೆ ಜೊತೆ ಮಾಮೂಲಿ ಕ್ರಾಸ್ ಮಾಡಿ ತಂದ ಲೆನಾಪೆ ಎಂಬ ಆಲೂ ತಳಿಯಲ್ಲಿ ಕಹಿ ವಿಷದ ಅಂಶ ಜಾಸ್ತಿ ಬಂದು 1970ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಅದರಲ್ಲಿ ಕುಲಾಂತರಿಯ ಗಂಧವೂ ಇರಲಿಲ್ಲ.

ಪ್ರಶ್ನೆ: ಬಿಟಿ ಹತ್ತಿ ಹಾಕಿದ ಮೊದಲ ವರ್ಷಗಳಲ್ಲಿ ಕಾಯಿಕೊರಕಕ್ಕೆ ಔಷಧಿ ಹೊಡೆದದ್ದೇ ಕಮ್ಮಿ. ಈಗ ಬೀಜಕ್ಕೂ ದುಡ್ಡು, ಔಷಧಿಗೂ ದುಡ್ಡು, ಹುಳು ಮಾತ್ರ ಕಾಯಿಯೊಳಗೆ ಆರಾಮಾಗಿ ಕೂತಿರುತ್ತದೆ. ನಮಗೆ ಮೋಸ ಆಯಿತಾ, ನಾವೇ ತಪ್ಪು ಮಾಡಿದೆವಾ?

ಉತ್ತರ: ಸ್ವಲ್ಪ ಅದೂ ಹೌದು, ಸ್ವಲ್ಪ ಇದೂ ಹೌದು. ಈ ಪ್ರಶ್ನೆಗೆ ಜಾಗ ಜಾಸ್ತಿ ತೆಗೆದುಕೊಳ್ಳುತ್ತೇನೆ.

ನೀವು ಹೇಳುತ್ತಿರುವುದು ಗುಲಾಬಿ ಕಾಯಿಕೊರಕ. ಒಮ್ಮೆ ಹತ್ತಿ ಹೊಲದಲ್ಲಿ ನಿಂತು ನಾನೇ ಒಂದು ಹಸಿರು ಕಾಯಿ ಕಿತ್ತು ತಿರುಗಿಸಿ ತಿರುಗಿಸಿ ನೋಡಿದ್ದೆ. ಹೊರಗೆ ಒಂದು ತೂತೂ ಕಾಣಲಿಲ್ಲ. ಚಾಕುವಿನಿಂದ ಸೀಳಿದರೆ ಒಳಗೆ ಅರಳೆ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿತ್ತು. ಎರಡು ಬೀಜ ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿದರೆ ನಡುವೆ ಗುಲಾಬಿ ಪಟ್ಟೆಯ ಪುಟ್ಟ ಹುಳು. ಮೊಟ್ಟೆಯೊಡೆದ ಕೂಡಲೇ ಮರಿ ಕಾಯಿಗೆ ನುಗ್ಗುತ್ತದೆ, ಹೋದ ದಾರಿ ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಅದಕ್ಕೇ ನೀವು ಎಷ್ಟು ಔಷಧಿ ಹೊಡೆದರೂ ಹುಳಕ್ಕೆ ತಾಗುವುದಿಲ್ಲ. ಹೂವಿನಲ್ಲಿ ಇದ್ದರೆ ಎಸಳುಗಳನ್ನು ಎಳೆಯಿಂದ ಹೊಲಿದುಬಿಡುತ್ತದೆ, ಹೂ ಅರಳದೆ ಗುಲಾಬಿ ಮೊಗ್ಗಿನ ಹಾಗೆ ನಿಲ್ಲುತ್ತದೆ. ಗಿಡದೊಳಗೇ ವಿಷ ಇರುವ ಬಿಟಿ ಹತ್ತಿ ಈ ಹುಳುವಿಗೆ ಅಷ್ಟು ಚೆನ್ನಾಗಿ ನಾಟಿದ್ದೂ ಇದೇ ಕಾರಣಕ್ಕೆ.

ಭಾರತದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. 2006ರಲ್ಲಿ ಎರಡು ಜೀನಿನ ಹತ್ತಿ ಬಂತು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಹುಳು ಮೊದಲ ಜೀನಿನ ವಿಷವನ್ನು ಜೀರ್ಣಿಸಿಕೊಂಡಿದೆ ಎಂದು ಆ ಬೀಜದ ಕಂಪನಿಯೇ ಒಪ್ಪಿಕೊಂಡಿತು. 2015ರಷ್ಟರಲ್ಲಿ ಎರಡು ಜೀನೂ ಸೋಲತೊಡಗಿದವು.

ಹೀಗೇಕಾಯಿತು? ಹತ್ತಾರು ಲಕ್ಷ ಹುಳುಗಳಲ್ಲಿ ಎಲ್ಲೋ ಒಂದೆರಡು ಹುಟ್ಟಿನಿಂದಲೇ ಬಿಟಿ ವಿಷ ತಡೆದುಕೊಳ್ಳುವಂಥವು. ಊರಿಗೆ ಊರೇ ಬಿಟಿ ಹಾಕಿದರೆ ಉಳಿದವೆಲ್ಲ ಸತ್ತು ಇವು ಮಾತ್ರ ಬದುಕಿ ತಮ್ಮತಮ್ಮಲ್ಲೇ ಕೂಡುತ್ತವೆ. ಮರಿಗಳೂ ಗಟ್ಟಿ. ಇದನ್ನು ತಪ್ಪಿಸಲೆಂದೇ ಹೊಲದ ಸುತ್ತ ಬಿಟಿ ಅಲ್ಲದ ಹತ್ತಿ ಹಾಕಿ ಎಂದಿದ್ದು. ಅಲ್ಲಿ ಮಾಮೂಲಿ ಹುಳುಗಳು ಬೆಳೆದು ಚಿಟ್ಟೆಯಾಗಿ ಬಂದು ಈ ಗಟ್ಟಿ ಹುಳುಗಳ ಜೊತೆ ಕೂಡುತ್ತವೆ, ಆಗ ಹುಟ್ಟುವ ಮರಿಗೆ ಅರ್ಧ ಶಕ್ತಿ, ಬಿಟಿ ತಿಂದರೆ ಸಾಯುತ್ತದೆ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂನ ಇನ್ನೊಂದು ಪೊಟ್ಟಣ ಕೊಡುತ್ತಿದ್ದರಲ್ಲ, ನೆನಪಿದೆಯಾ? ಅದು ಇದಕ್ಕೇ. ಎಷ್ಟು ಜನ ಬಿತ್ತಿದಿರಿ, ನಿಜ ಹೇಳಿ. ನಾನು ಕೇಳಿದವರಲ್ಲಿ ಹೆಚ್ಚಿನವರು ಅದನ್ನು ಮೂಲೆಗೆ ಎಸೆದಿದ್ದರು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಇರುವುದೇ ಎರಡೆಕರೆ, ಅದರಲ್ಲಿ ಹುಳುಗಳಿಗೆಂದು ಸಾಲು ಬಿಡಿ ಅಂದರೆ ಯಾರು ಬಿಡುತ್ತಾರೆ? ಯಾಕೆ ಬಿಡಬೇಕು ಎಂದು ಕೂರಿಸಿ ಹೇಳಿದವರೂ ಕಮ್ಮಿ, ಆ ಪೊಟ್ಟಣದ ಬೀಜ ಸರಿಯಿಲ್ಲ ಎಂಬ ದೂರೂ ಇತ್ತು. ಜೊತೆಗೆ ತಿಂಗಳುಗಟ್ಟಲೆ ನಿಲ್ಲುವ ಹೈಬ್ರಿಡ್ ಹತ್ತಿ. ಇನ್ನೊಂದು ಬಿಡಿಸು ಸಿಗಲಿ ಎಂದು ಗಿಡ ಹಾಗೇ ಬಿಟ್ಟರೆ ಹುಳುವಿಗೆ ವರ್ಷವಿಡೀ ಅನ್ನಸಂತರ್ಪಣೆ.

ಅದೇ ಹುಳು ಅಮೆರಿಕದಲ್ಲೂ ಇತ್ತು, ಅದೇ ಬಿಟಿ ಅಲ್ಲೂ ಬಂತು. ಅರಿಜೋನಾದ ಬೆಳೆಗಾರರು ಬಿಟಿ ಅಲ್ಲದ ಹತ್ತಿಯನ್ನು ನಿಯಮದಂತೆ ಹಾಕಿದರು. 2006ರಿಂದ ಬಂಜೆ ಮಾಡಿದ ಚಿಟ್ಟೆಗಳನ್ನು ವಿಮಾನದಿಂದ ರಾಶಿರಾಶಿ ಬಿಟ್ಟರು. 2018ರಲ್ಲಿ ಅಮೆರಿಕದ ಹತ್ತಿ ಪ್ರದೇಶದಿಂದ ಗುಲಾಬಿ ಹುಳು ನಿರ್ಮೂಲವಾಯಿತು ಎಂದು ಅಲ್ಲಿನ ಸರ್ಕಾರ ಘೋಷಿಸಿತು. ಜೀನ್ ಒಂದೇ, ಹುಳು ಒಂದೇ, ಫಲ ನೋಡಿ. ಆದರೆ ಅಲ್ಲಿಯ ಹೊಲ ದೊಡ್ಡದು, ಸರ್ಕಾರ, ಬೆಳೆಗಾರರು ಒಟ್ಟಿಗೆ ನಿಂತಿದ್ದರು. ಸಣ್ಣ ಹಿಡುವಳಿಯಲ್ಲಿ ಅದೇ ನಿಯಮ ನಡೆಯುತ್ತದೆಂದು ಒಪ್ಪಿಗೆ ಕೊಟ್ಟವರು ಅಂದುಕೊಂಡದ್ದೇ ನನ್ನ ಪ್ರಕಾರ ದೊಡ್ಡ ತಪ್ಪು.

ಈಗ ಏನು ಮಾಡಬೇಕು ಅಂತೀರಾ? ಬೇಗ ಮುಗಿಯುವ ತಳಿ ಹಾಕಿ, ವಾಸನೆಯಿಂದ ಗಂಡು ಚಿಟ್ಟೆ ಸೆಳೆಯುವ ಮೋಹಕ ಬಲೆ ಕಟ್ಟಿ ಚಿಟ್ಟೆ ಎಣಿಸಿ, ಬೆಳೆ ಮುಗಿದ ಮೇಲೆ ಗಿಡ ನಿಲ್ಲಿಸಬೇಡಿ, ಕಡ್ಡಿಯನ್ನು ಬದುವಿನಲ್ಲಿ ಒಟ್ಟಬೇಡಿ. ಒಬ್ಬರೇ ಮಾಡಿದರೆ ಉಪಯೋಗ ಅಷ್ಟಕ್ಕಷ್ಟೆ, ಅಕ್ಕಪಕ್ಕದವರೂ ಮಾಡಬೇಕು.

ಪ್ರಶ್ನೆ: ಕಳೆನಾಶಕ ಹೊಡೆದರೂ ಬೆಳೆ ಸಾಯದಿದ್ದರೆ ಕೂಲಿ ಉಳಿಯಿತಲ್ಲ. ಅದರಲ್ಲೇನು ಅಪಾಯ?

ಉತ್ತರ: ಕೂಲಿ ಉಳಿಯುತ್ತದೆ, ಸುಳ್ಳಲ್ಲ. ಅದಕ್ಕೇ ಅಮೆರಿಕದ ರೈತರು 1996ರಿಂದ ಮುಗಿಬಿದ್ದು ಅಂಥ ಸೋಯಾ ಬೆಳೆದರು. ಒಂದೇ ಔಷಧಿ, ಗ್ಲೈಫೊಸೇಟ್. ವರ್ಷವರ್ಷವೂ ಅದೇ. ಹತ್ತು ವರ್ಷವೂ ಆಗಿರಲಿಲ್ಲ, ಜಾರ್ಜಿಯಾದಲ್ಲಿ ನಮ್ಮ ದಂಟಿನ ಸೊಪ್ಪಿನ ಕುಟುಂಬಕ್ಕೇ ಸೇರಿದ ಒಂದು ಕಳೆ, ಪಾಮರ್ ಅಮರಾಂತ್, ಈ ಔಷಧಿಗೆ ಜಗ್ಗದೆ ನಿಂತಿತು. ಅದು ಮಾಡಿದ ಉಪಾಯ ಕೇಳಿ: ಔಷಧಿ ಯಾವ ಕಿಣ್ವವನ್ನು (ಗಿಡ ಬೆಳೆಯಲು ಬೇಕಾದ ಪ್ರೋಟೀನನ್ನು) ಕಟ್ಟಿಹಾಕುತ್ತದೋ ಅದರ ಜೀನನ್ನೇ ನೂರಕ್ಕೂ ಹೆಚ್ಚು ಪ್ರತಿ ಮಾಡಿಕೊಂಡಿತು. ನೀನು ಎಷ್ಟು ಕಟ್ಟುತ್ತೀಯೋ ಕಟ್ಟು ಅಂತ. ಒಂದು ಗಿಡ ಲಕ್ಷಗಟ್ಟಲೆ ಬೀಜ ಉದುರಿಸುತ್ತದೆ. ಕೊನೆಗೆ ಹತ್ತಿ ಹೊಲಗಳಲ್ಲಿ ಜನ ಮತ್ತೆ ಕೈಯಲ್ಲಿ ಕಳೆ ಕೀಳುವ ಸ್ಥಿತಿ ಬಂತು.

ಹಾಗಾದರೆ ಜೀನೇ ಕಳೆಗೆ ಹಾರಿತೇ? ಇಲ್ಲ. ಗ್ಲೈಫೊಸೇಟಿಗೆ ಸಾಯದ ಮೊದಲ ಕಳೆ ಸಿಕ್ಕಿದ್ದು 1996ರಲ್ಲಿ ಆಸ್ಟ್ರೇಲಿಯಾದಲ್ಲಿ, ಅಲ್ಲಿ ಆಗ ಕುಲಾಂತರಿ ಸೋಯಾ ಬೆಳೆಯೇ ಇರಲಿಲ್ಲ. ಒಂದೇ ಔಷಧಿಯನ್ನು ಹೊಡೆದೂ ಹೊಡೆದೂ ಆದದ್ದು ಅದು. ಕುಲಾಂತರಿ ಬೆಳೆ ಮಾಡಿದ್ದೇನೆಂದರೆ ಹಾಗೆ ಹೊಡೆಯುವುದನ್ನು ಸುಲಭ ಮಾಡಿತು. ಇದಕ್ಕೆ ಕಂಪನಿಗಳು ಕಂಡುಕೊಂಡ ಪರಿಹಾರ ಡೈಕಾಂಬ ಎಂಬ ಇನ್ನೊಂದು ಔಷಧಿ ತಡೆಯುವ ಬೆಳೆ. ಅದು ಹೊಡೆದಲ್ಲಿ ನಿಲ್ಲದೆ ಆವಿಯಾಗಿ ತೇಲುತ್ತದೆ. 2017ರಲ್ಲಿ ಅಮೆರಿಕದಲ್ಲಿ ಲಕ್ಷಾಂತರ ಎಕರೆ ಅಕ್ಕಪಕ್ಕದ ಸೋಯಾ ಎಲೆ ಬಟ್ಟಲಿನ ಹಾಗೆ ಮುರುಟಿಹೋಯಿತು.

ಗ್ಲೈಫೊಸೇಟಿನಿಂದ ಕ್ಯಾನ್ಸರ್ ಬರುತ್ತದಾ ಎಂದು ನಾಲ್ಕೈದು ಜನ ಕೇಳಿದ್ದೀರಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 'ಬಹುಶಃ ಬರಬಹುದು' ಎಂಬ ಪಟ್ಟಿಗೆ ಸೇರಿಸಿತು. ಅಮೆರಿಕ, ಯುರೋಪಿನ ನಿಯಂತ್ರಕರು ಹಾಗೇನಿಲ್ಲ ಎಂದರು. ಇಬ್ಬರ ಜಗಳ ಇನ್ನೂ ಮುಗಿದಿಲ್ಲ. ಏನೇ ಇರಲಿ, ಪಂಪು ಬೆನ್ನಿಗೆ ಹಾಕಿಕೊಂಡು ಬರಿಗೈಯಲ್ಲಿ ಹೊಡೆಯುವವರಿಗೆ ಇರುವ ಅಪಾಯ ತಿನ್ನುವವರಿಗಿಂತ ಜಾಸ್ತಿ.

ಚಿಟ್ಟೆಗಳ ಬಗ್ಗೆ ಕೇಳಿದವರಿಗೂ ಇಲ್ಲೇ ಉತ್ತರ. 1999ರಲ್ಲಿ ಬಿಟಿ ಮೆಕ್ಕೆಜೋಳದ ಪರಾಗ ಮೊನಾರ್ಕ್ ಚಿಟ್ಟೆಯ ಮರಿಗಳನ್ನು ಕೊಲ್ಲುತ್ತದೆ ಎಂದು ದೊಡ್ಡ ಗಲಾಟೆಯಾಯಿತು. ಹೊಲಕ್ಕೆ ಇಳಿದು ನೋಡಿದಾಗ ಆ ಅಪಾಯ ತೀರಾ ಸಣ್ಣದು ಎಂದು 2001ರಲ್ಲಿ ಗೊತ್ತಾಯಿತು. ಎಲ್ಲರೂ ಪರಾಗ ನೋಡುತ್ತಿದ್ದರೆ ಇತ್ತ ಕಳೆನಾಶಕ ಆ ಮರಿಗಳು ತಿನ್ನುವ ಒಂದೇ ಒಂದು ಗಿಡವನ್ನು ಹೊಲಗಳಿಂದ ಅಳಿಸಿಹಾಕುತ್ತಿತ್ತು.

ಪ್ರಶ್ನೆ: ನಾನು ಸಾವಯವ ಬೆಳೆಗಾರ. ಪಕ್ಕದವರು ಕುಲಾಂತರಿ ಹಾಕಿದರೆ ನನ್ನ ಬೆಳೆಗೆ ಬೆರೆಯುತ್ತದಾ?

ಉತ್ತರ: ಬೆಳೆ ಯಾವುದು ಎನ್ನುವುದರ ಮೇಲಿದೆ. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹಾರುತ್ತದೆ, ಬೆರೆಯುವುದು ಸುಲಭ. ಭತ್ತ ತನ್ನ ಹೂವಿನಲ್ಲೇ ಕಟ್ಟಿಕೊಳ್ಳುತ್ತದೆ, ಬೆರೆಯುವುದು ಕಮ್ಮಿ. ಗಾಳಿಯ ದೂರ ಎಷ್ಟು ಅಂತ ಕೇಳಿದರೆ, ಅಮೆರಿಕದ ಒರೆಗಾನಿನಲ್ಲಿ ಗಾಲ್ಫ್ ಮೈದಾನಕ್ಕೆಂದು ಮಾಡಿದ ಕುಲಾಂತರಿ ಹುಲ್ಲಿನ ಜೀನ್ 21 ಕಿಲೋಮೀಟರ್ ಆಚೆಯ ಹುಲ್ಲಿನ ಬೀಜದಲ್ಲಿ ಸಿಕ್ಕಿದೆ.

ಬೆರೆತರೆ ಆರೋಗ್ಯಕ್ಕಿಂತ ಮೊದಲು ಏಟು ಬೀಳುವುದು ಜೇಬಿಗೆ. 2006ರಲ್ಲಿ ಅಮೆರಿಕದ ಅಕ್ಕಿಯಲ್ಲಿ ಆಗಿನ್ನೂ ಮಾರಲು ಒಪ್ಪಿಗೆ ಇಲ್ಲದ ಒಂದು ಕುಲಾಂತರಿ ಭತ್ತದ ಅಂಶ ಸಿಕ್ಕಿತು. ಕೊಳ್ಳುವ ದೇಶಗಳು ಬಾಗಿಲು ಹಾಕಿದವು, ಬೆಲೆ ಬಿತ್ತು. ಅದನ್ನು ಬೆಳೆಸದ ರೈತರೂ ಮುಳುಗಿದರು. ಕೋರ್ಟು ಸುತ್ತಿ ಸುತ್ತಿ 2011ರಲ್ಲಿ ಬಾಯರ್ ಕಂಪನಿ ಸುಮಾರು 11,000 ರೈತರಿಗೆ 75 ಕೋಟಿ ಡಾಲರ್ ಕೊಡಲು ಒಪ್ಪಿತು. ಅದು ಹೇಗೆ ಬೆರೆಯಿತು ಎಂದು ಕೃಷಿ ಇಲಾಖೆಯ ತನಿಖೆಯಲ್ಲೂ ಖಚಿತವಾಗಲಿಲ್ಲ. ನಿಮ್ಮ ಕೈಲಾಗುವುದು ಇಷ್ಟು: ಬಿತ್ತನೆಯ ದಿನ ಹಿಂದೆಮುಂದೆ ಮಾಡಿ ಹೂ ಬಿಡುವ ಕಾಲ ತಪ್ಪಿಸಿ, ಬೀಜ ಎಲ್ಲಿಂದ ತಂದಿರಿ ಎಂಬ ಚೀಟಿ ಜೋಪಾನವಾಗಿಡಿ. ಬೆರೆಸಿದವನು ನಷ್ಟ ಕೊಡಬೇಕು ಎಂಬ ಕಾನೂನು ಇಲ್ಲದ ಕಡೆ ಕಾವಲು ಕಾಯುವ ಖರ್ಚೆಲ್ಲ ಬೆರೆಸದವನ ತಲೆ ಮೇಲೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಪ್ರಶ್ನೆ: ಕುಲಾಂತರಿ ಬೀಜ ಎತ್ತಿಟ್ಟರೆ ಮೊಳೆಯುವುದೇ ಇಲ್ಲವಂತೆ?

ಉತ್ತರ: ಮೊಳೆಯುತ್ತದೆ. ಬಂಜೆ ಬೀಜದ ತಂತ್ರಕ್ಕೆ 1998ರಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ, ಅದು ಮಾರುಕಟ್ಟೆಗೆ ಬರಲೇ ಇಲ್ಲ. ಹೈಬ್ರಿಡ್ ಆದರೆ ಮರುವರ್ಷ ಬೆಳೆ ಒಂದೇ ಸಮ ಬರುವುದಿಲ್ಲ, ಅದಕ್ಕೆ ಹೊಸ ಬೀಜ ಕೊಳ್ಳುತ್ತೇವೆ. ಅದಕ್ಕೂ ಕುಲಾಂತರಿಗೂ ಸಂಬಂಧವಿಲ್ಲ. ನಿಜವಾದ ಬೇಲಿ ಇರುವುದು ಕಾನೂನಿನಲ್ಲಿ. ಪೇಟೆಂಟ್ ಇದ್ದ ಸೋಯಾ ಕಾಳನ್ನು ಗೋದಾಮಿನಿಂದ ಕೊಂಡು ಬಿತ್ತಿದ ಬೋಮನ್ ಎಂಬ ರೈತ 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತರು. ಎಲ್ಲ ನ್ಯಾಯಮೂರ್ತಿಗಳೂ ಒಂದೇ ಮಾತು ಹೇಳಿದರು. ಗಿಡ ತಾನಾಗಿ ಬೀಜ ಮಾಡುತ್ತದೆ, ನಾನೇನು ಮಾಡಲಿ ಎಂಬ ಅವರ ವಾದ ನಿಲ್ಲಲಿಲ್ಲ.

ಪ್ರಶ್ನೆ: ಈಗ ಜೀನ್ ಎಡಿಟಿಂಗ್ ಬಂದಿದೆ, ಹೊರಗಿನ ಜೀನ್ ಇಲ್ಲ, ಹಾಗಾಗಿ ಅಪಾಯವೂ ಇಲ್ಲ ಅನ್ನುತ್ತಾರೆ. ಹೌದಾ?

ಉತ್ತರ: ಮೊದಲರ್ಧ ಬಹುಮಟ್ಟಿಗೆ ಹೌದು, ಎರಡನೆಯದಕ್ಕೆ ಆತುರ ಬೇಡ. ಗಿಡದ ಸ್ವಂತ ಜೀನಿನಲ್ಲೇ ಒಂದೆರಡು ಅಕ್ಷರ ತಿದ್ದುವುದು ಇದು. ಯುರೋಪಿನ ನ್ಯಾಯಾಲಯ 2018ರಲ್ಲಿ ಇದೂ ಕುಲಾಂತರಿಯೇ ಎಂದಿತು. ಭಾರತ 2022ರಲ್ಲಿ ಹೊರಗಿನ ಜೀನ್ ಉಳಿಯದಿದ್ದರೆ ಆ ಕಟ್ಟುಪಾಡು ಬೇಡ ಎಂದಿತು. ಉಳಿದಿಲ್ಲ ಎಂದು ನೋಡುವವರು ಯಾರು, ಅದೇ ಪ್ರಶ್ನೆ. ಇದೇ ರೀತಿ ಜೀನ್ ತಿದ್ದಿ ಕೊಂಬಿಲ್ಲದ ಹೋರಿ ಮಾಡಿದ ಒಂದು ಅಮೆರಿಕನ್ ಕಂಪನಿ ನಮ್ಮಲ್ಲಿ ಬೇರೇನೂ ಸೇರಿಲ್ಲ ಎನ್ನುತ್ತಿತ್ತು. 2019ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು ಅದೇ ಮಾಹಿತಿಯನ್ನು ಮತ್ತೆ ಕೆದಕಿದರು. ಬ್ಯಾಕ್ಟೀರಿಯಾದ ಡಿಎನ್ಎ ತುಂಡು, ಅದರಲ್ಲಿ ಆ್ಯಂಟಿಬಯಾಟಿಕ್ ತಡೆಯುವ ಜೀನೂ ಸೇರಿ, ಹೋರಿಯಲ್ಲಿ ಉಳಿದಿತ್ತು. ಕಂಪನಿ ಮುಚ್ಚಿಟ್ಟಿತ್ತು ಅಂತಲ್ಲ, ಅದನ್ನು ಹುಡುಕಿಯೇ ಇರಲಿಲ್ಲ.

ಪ್ರಶ್ನೆ: ಸಾವಯವದಲ್ಲೂ ಬಿಟಿ ಪುಡಿ ಹೊಡೆಯಬಹುದಂತೆ. ಹಾಗಾದರೆ ಬಿಟಿ ಬೆಳೆಗೆ ಯಾಕೆ ಇಷ್ಟು ವಿರೋಧ?

ಉತ್ತರ: ಒಳ್ಳೆ ಪ್ರಶ್ನೆ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಬ್ಯಾಕ್ಟೀರಿಯಾ ಒಂದೇ. ಆದರೆ ಪುಡಿಯನ್ನು ಹುಳು ಕಂಡಾಗ ಹೊಡೆಯುತ್ತಾರೆ, ನಾಲ್ಕು ದಿನದ ಬಿಸಿಲಿಗೆ ಅದರ ಶಕ್ತಿ ಹೋಗುತ್ತದೆ, ಒಂದು ಮಳೆಗೆ ತೊಳೆದುಹೋಗುತ್ತದೆ. ಬಿಟಿ ಗಿಡದಲ್ಲಿ ಅದು ಹಗಲೂ ರಾತ್ರಿ, ಮೊಳಕೆಯಿಂದ ಕೊಯ್ಲಿನವರೆಗೆ ಇರುತ್ತದೆ. ಹುಳುವಿಗೆ ದಿನಾ ಪಾಠ ಸಿಕ್ಕಿದ ಹಾಗೆ. ಕುಲಾಂತರಿ ಹೊಲದಲ್ಲಿ ಆ ಪಾಠ ಕಲಿತ ಹುಳು ನಾಳೆ ಸಾವಯವ ಹೊಲಕ್ಕೆ ಬಂದರೆ, ಪುಡಿಯಲ್ಲಿರುವುದೂ ಅದೇ ಪ್ರೋಟೀನಾದರೆ, ಆ ರೈತ ಪುಡಿ ಹೊಡೆದರೂ ಒಂದೇ, ಬಿಟ್ಟರೂ ಒಂದೇ. ಅವನ ಹತ್ತಿರ ಬೇರೆ ಔಷಧಿಗಳೂ ಕಮ್ಮಿ.